ಪಟ್ಟಿಯಲ್ಲಿ ಇಲ್ಲದವರು ಯಾಕೆ ಇಷ್ಟವಾಗುತ್ತಾರೆ?

ಮ್ಯಾಟ್ರಿಮೊನಿಯಲ್ಲಿ ಎರಡು ವರ್ಷ ಹುಡುಕಿದರೂ ಯಾರೂ ಮನಸ್ಸಿಗೆ ಬರಲಿಲ್ಲ, ಈಗ ಆಫೀಸ್ ಕ್ಯಾಬ್‌ನಲ್ಲಿ ಜೊತೆಗೆ ಬರುವ ಹುಡುಗಿ ಇಷ್ಟವಾಗಿದ್ದಾಳೆ, ಆದರೆ ನನ್ನ ಪಟ್ಟಿಯಲ್ಲಿದ್ದ ಯಾವುದೂ ಅವಳಲ್ಲಿಲ್ಲ, ನನ್ನ ತಲೆ ಸರಿ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಸರಿ ಇದೆ.

ಪಟ್ಟಿ ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಈಸ್ಟ್‌ವಿಕ್ ಮತ್ತು ಫಿಂಕೆಲ್ 2008ರಲ್ಲಿ ಇದನ್ನೇ ತೋರಿಸಿದರು. ಸಂಗಾತಿಯಲ್ಲಿ ಏನು ಬೇಕು ಅಂತ ಕಾಲೇಜು ಹುಡುಗ ಹುಡುಗಿಯರನ್ನು ಮೊದಲೇ ಕೇಳಿಕೊಂಡು, ಆಮೇಲೆ ಸ್ಪೀಡ್ ಡೇಟಿಂಗ್‌ಗೆ, ಅಂದರೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿ ಮುಂದಿನವರ ಹತ್ತಿರ ಹೋಗುವ ಭೇಟಿಗೆ, ಕೂರಿಸಿದರು. ರೂಪ, ಸಂಪಾದನೆ ಬಗ್ಗೆ ಅವರು ಹೇಳಿದ್ದಕ್ಕೂ ನಿಜವಾಗಿ ಇಷ್ಟವಾದವರಿಗೂ ತಾಳೆಯೇ ಆಗಲಿಲ್ಲ.

ಇನ್ನು ಕ್ಯಾಬ್ ವಿಷಯ. ಮೋರ್‌ಲ್ಯಾಂಡ್ ಮತ್ತು ಬೀಚ್ ಅನ್ನುವ ಸಂಶೋಧಕರ 1992ರ ಪ್ರಯೋಗ ನನಗೆ ತುಂಬಾ ಇಷ್ಟ. ಹೆಚ್ಚು ಕಡಿಮೆ ಒಂದೇ ಥರ ಕಾಣುವ ನಾಲ್ವರು ಹುಡುಗಿಯರು. ಒಬ್ಬಳು ತರಗತಿಗೆ ಹೋಗಲೇ ಇಲ್ಲ, ಉಳಿದವರು 5, 10, 15 ಸಲ ಹೋಗಿ ಯಾರ ಜೊತೆಗೂ ಮಾತಾಡದೆ ಸುಮ್ನೆ ಕೂತು ಬಂದರು. ಕೊನೆಗೆ ಫೋಟೋ ತೋರಿಸಿದಾಗ, ಜಾಸ್ತಿ ಸಲ ಬಂದವಳೇ ಆ ವಿದ್ಯಾರ್ಥಿಗಳಿಗೆ ಜಾಸ್ತಿ ಚೆನ್ನಾಗಿ ಕಂಡಳು! ಮಾತಿಲ್ಲದೆಯೇ ಅಷ್ಟಾದರೆ, ದಿನಾ ಮಾತಾಡುವ ನಿಮಗೆ?

ನಾನು ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಮೂರು ವರ್ಷ ಕ್ಯಾಬ್‌ನಲ್ಲಿ ಓಡಾಡಿದವಳು. ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಅಲ್ಲಾಡದೆ ನಿಂತಾಗ ಪಕ್ಕದವರು ಡ್ರೈವರ್ ಅಣ್ಣನ ಹತ್ತಿರ ಹೇಗೆ ಮಾತಾಡುತ್ತಾರೆ, ಅಮ್ಮನ ಫೋನ್ ಬಂದರೆ ದನಿ ಹೇಗೆ ಬದಲಾಗುತ್ತದೆ, ಹಸಿವು ಸಿಟ್ಟು ಎರಡೂ ಒಟ್ಟಿಗೆ ಬಂದಾಗ ಯಾರ ಮೇಲೆ ರೇಗುತ್ತಾರೆ, ಎಲ್ಲ ಗೊತ್ತಾಗಿಬಿಡುತ್ತದೆ. ಇದನ್ನು ಯಾವ ಪ್ರೊಫೈಲ್‌ನಲ್ಲಿ ಬರೆದಿರುತ್ತಾರೆ ಹೇಳಿ? ಹಾಗೆ ನೋಡಿ ನೋಡಿ ಗೊತ್ತಾದವರನ್ನೇ ನಾನು ಮದುವೆಯಾದೆ. ಎತ್ತರ, ಸಂಬಳ, ಊರು ಯಾವುದೂ ನಾನು ಅಂದುಕೊಂಡಿದ್ದ ಹಾಗಿರಲಿಲ್ಲ.

ಆದರೆ ಒಂದು ಮಾತು. ದಿನಾ ನೋಡಿದವರೆಲ್ಲ ಇಷ್ಟವಾಗುವುದಿಲ್ಲ, ಮೊದಲೇ ಕಿರಿಕಿರಿ ಅನಿಸಿದವರು ಇನ್ನೂ ಜಾಸ್ತಿ ಕಿರಿಕಿರಿಯಾಗಬಹುದು. ನಿಮಗೆ ಅವಳು ಹತ್ತಿರದವಳು ಅನಿಸಿದೆ ಅಂದಮಾತ್ರಕ್ಕೆ ಅವಳಿಗೂ ಹಾಗೇ ಅನಿಸಿರಬೇಕು ಅಂತಿಲ್ಲ. ಒಂದು ಭಾನುವಾರ ಲಾಲ್‌ಬಾಗ್‌ಗೆ ಬರ್ತೀರಾ ಅಂತ ನೇರವಾಗಿ ಕೇಳಿ. ಬಂದರೆ ಆಫೀಸ್ ಬಿಟ್ಟು ಮನೆ, ದುಡ್ಡು, ಮುಂದಿನ ಯೋಚನೆ ಎಲ್ಲ ಮಾತಾಡಿ. ಬೇಡ ಅಂದರೆ ಅಲ್ಲಿಗೇ ಬಿಡಿ, ಮತ್ತೆ ಕೇಳಬೇಡಿ. ಮಾರನೇ ದಿನ ಅವಳು ಅದೇ ಕ್ಯಾಬ್ ಹತ್ತಬೇಕು.