ಜಿನೀವಾದ ಒಪ್ಪಂದ, ನಿಪ್ಪಾಣಿಯ ಬೀಡಿ

ಪ್ರಶ್ನೆ: ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಜಾಗತಿಕ ಆರೋಗ್ಯ ಆಡಳಿತದ ಮೇಲೆ ಕಿರುಪ್ರಬಂಧ ಬರೆಯಬೇಕು. ಊರಲ್ಲೇ ಇದ್ದು ಹೊಸದೇನಾದರೂ ಬರೆಯಲಾದೀತೇ? —ವಿದ್ಯಾರ್ಥಿನಿ, ನಿಪ್ಪಾಣಿ

ಉತ್ತರ: ಖಂಡಿತ. ತಂಬಾಕಿನ ವಖಾರಿಗಳ ಊರಲ್ಲಿದ್ದೀರಿ. ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಮೊದಲ ಅಂತರರಾಷ್ಟ್ರೀಯ ಒಪ್ಪಂದವೇ ತಂಬಾಕು ನಿಯಂತ್ರಣದ್ದು. 2005ರ ಫೆಬ್ರುವರಿ 27ರಂದು ಜಾರಿಗೆ ಬಂತು, ಭಾರತ ಅದಕ್ಕೂ ಮೊದಲೇ, 2004ರಲ್ಲಿ, ಅನುಮೋದಿಸಿತ್ತು. ‘ವಿಶ್ವ ಆರೋಗ್ಯ ಸಂಸ್ಥೆಯ ಪಾತ್ರ’ ಎಂಬಂಥ ತಲೆಬರಹ ಮಾತ್ರ ಬೇಡ, ಎಲ್ಲವನ್ನೂ ಮುಟ್ಟಿ ಯಾವುದನ್ನೂ ಹಿಡಿಯದಂತಾಗುತ್ತದೆ. ಒಪ್ಪಂದದ ಎರಡೇ ವಿಧಿ ತೆಗೆದುಕೊಳ್ಳಿ.

11ನೇ ವಿಧಿ ಪೊಟ್ಟಣದ ಮೇಲಿನ ಎಚ್ಚರಿಕೆ ಕುರಿತದ್ದು. ಮೂರು ವರ್ಷದ ಗಡುವು, ಕನಿಷ್ಠ ಶೇ 30ರಷ್ಟು ಜಾಗ ಎಂಬ ಅಳತೆ ಎರಡೂ ಅದರಲ್ಲಿವೆ. ಭಾರತ ತಡವಾಗಿಯಾದರೂ 2009ರ ಮೇ 31ರಿಂದ ಚಿತ್ರ ಹಾಕಿಸಿತು, 2016ರ ಏಪ್ರಿಲ್‌ನಿಂದ ಶೇ 85ಕ್ಕೆ ಏರಿಸಿತು. 17ನೇ ವಿಧಿ ಬೆಳೆಗಾರರಿಗೆ, ಕಾರ್ಮಿಕರಿಗೆ ಬದಲಿ ಜೀವನೋಪಾಯದ ಕುರಿತದ್ದು. ಅದಕ್ಕೆ ಗಡುವೂ ಇಲ್ಲ, ಅಳತೆಯೂ ಇಲ್ಲ. ಈ ವ್ಯತ್ಯಾಸದ ಬೆಲೆ ತೆತ್ತವರು ಬೀಡಿ ಕಟ್ಟುವವರೇ? ಇದೇ ನಿಮ್ಮ ಪ್ರಶ್ನೆಯಾಗಲಿ.

ಸದಸ್ಯ ದೇಶಗಳು 21ನೇ ವಿಧಿಯಂತೆ ಕೊಡುವ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭಾರತದ ವರದಿಗಳಿಂದ 17ನೇ ವಿಧಿಯ ಉತ್ತರಗಳನ್ನಷ್ಟೇ ಎತ್ತಿ, ವರ್ಷವಾರು ಒಂದು ತಖ್ತೆ ಮಾಡಿ. ಪಕ್ಕದಲ್ಲೇ ಸಂಸತ್ತಿನ ಪ್ರಶ್ನೋತ್ತರಗಳಿರಲಿ. ಆಮೇಲೆ ಊರೊಳಗೆ ಇಳಿಯಿರಿ. ಕಿರುಪ್ರಬಂಧಕ್ಕೆ 15 ಬೆಳೆಗಾರರು, 15 ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಾಕು. ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆಯಿರಿ, ಒಪ್ಪಿಗೆ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ.

ಕೆಲಸ ಕೆಡುವುದು ಎರಡು ಕಡೆ. ಗುತ್ತಿಗೆದಾರನನ್ನು ಕರೆದುಕೊಂಡು ಮನೆಗೆ ಹೋದರೆ ಸಾವಿರ ಬೀಡಿಗೆ ಮಜೂರಿ ಎಷ್ಟು, ‘ಕೆಟ್ಟ ಬೀಡಿ’ ಎಂದು ಎಷ್ಟು ತೆಗೆದುಹಾಕುತ್ತಾರೆ ಎಂಬುದಕ್ಕೆ ನಿಜವಾದ ಉತ್ತರ ಬರುವುದಿಲ್ಲ. ಸ್ವಸಹಾಯ ಸಂಘದವರ ಮೂಲಕ ಹೋಗಿ. ಇನ್ನೊಂದು, ತಂಬಾಕು ಬಿಟ್ಟು ಕಬ್ಬು ಹಾಕಿದ ಹೊಲ ಕಂಡ ಕೂಡಲೇ ಅದನ್ನು ಒಪ್ಪಂದದ ಫಲವೆಂದು ಬರೆಯುವುದು. ನೀರು ಬಂದದ್ದು ಯಾವಾಗ, ಆ ವರ್ಷ ತಂಬಾಕಿನ ದರ ಏನಿತ್ತು ಎಂದು ಕೇಳಲೇಬೇಕು. 1981ರಲ್ಲಿ ನಿಪ್ಪಾಣಿಯ ರೈತರು ರಸ್ತೆಗಿಳಿದದ್ದೂ ದರಕ್ಕಾಗಿಯೇ.

ಪ್ರಶ್ನೆ: ತರಗತಿಯಲ್ಲಿ ವಿಶ್ವ ಆರೋಗ್ಯ ಸಭೆಯ (ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ವಾರ್ಷಿಕ ಸಭೆ) ಅಣಕು ಅಧಿವೇಶನ ಮಾಡಿಸಿದರೆ ಬರೀ ಭಾಷಣವಾಗುತ್ತದೆ. ಏನು ಮಾಡಲಿ? —ಉಪನ್ಯಾಸಕರು, ವಿಜಯಪುರ

ಉತ್ತರ: ಭಾಷಣ ಬಿಡಿಸಿ, ಕರಡು ಕೊಡಿ. 40 ಮಂದಿಯಿದ್ದರೆ 10 ದೇಶ, ತಲಾ ನಾಲ್ವರು, ಎಲ್ಲರಿಗೂ ಒಂದೇ ಪ್ಯಾರಾ. ರೋಗಾಣು ಮಾದರಿ ಹಂಚಿಕೊಂಡ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು ಎಂಬ ವಿಷಯ ಚೆನ್ನಾಗಿ ಹೊಂದುತ್ತದೆ. 2025ರ ಮೇ 20ರಂದು ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲೂ ಇದರ ವಿವರಗಳನ್ನು ಅನುಬಂಧಕ್ಕೆಂದು ಮುಂದೂಡಿದರು. ಒಪ್ಪದ ಪದವನ್ನು ಚೌಕ ಆವರಣದಲ್ಲಿ ಹಾಕಬೇಕು, ಬದಲಿ ಪದ ಕೊಡದವರಿಗೆ ಆಕ್ಷೇಪಿಸುವ ಹಕ್ಕಿಲ್ಲ ಎಂದು ನಿಯಮ ಮಾಡಿ. ಕೊನೆಗೆ ಎರಡು ದಾರಿಯಲ್ಲೂ ಮತಕ್ಕೆ ಹಾಕಿಸಿ: ಸಂಸ್ಥೆಯ ಸಂವಿಧಾನದ 19ನೇ ವಿಧಿಯ ಒಪ್ಪಂದಕ್ಕೆ ಮೂರರಲ್ಲಿ ಎರಡರಷ್ಟು ಮತ ಬೇಕು, ಆಮೇಲೂ ಪ್ರತಿ ದೇಶ ಅನುಮೋದಿಸಬೇಕು, 21ನೇ ವಿಧಿಯ ನಿಯಮಾವಳಿಯಾದರೆ, ಗಡುವಿನೊಳಗೆ ಬೇಡವೆನ್ನದ ದೇಶಕ್ಕೆ ತಾನಾಗಿಯೇ ಅನ್ವಯಿಸುತ್ತದೆ.