ಎಂಟಡಿ ಗೋಡೆಗಿಂತ ನೆರೆಯವರ ಸಹಿ

ಓದುಗರೊಬ್ಬರ ಪತ್ರದ ಸಾರ: ಅವರು ಕರ್ನಾಟಕದಿಂದ ಹೋಗಿ ಪಶ್ಚಿಮ ಜಾವಾದ ಜವಳಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಹೆಂಡತಿ ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯ ಒಂದು ಹಳ್ಳಿಯವರು. ಅಲ್ಲಿ 400 ಚದರ ಮೀಟರ್ ಜಾಗ ಕೊಂಡು ಮನೆ ಕಟ್ಟುವ ಆಸೆ, ಆದರೆ ಭಾರತದ ಪೌರತ್ವ ಬಿಡುವ ಯೋಚನೆಯಿಲ್ಲ. ಜಾಗವನ್ನು ಭಾಮೈದನ ಹೆಸರಿಗೆ ಮಾಡಿ ಒಳಗಿಂದೊಳಗೆ ಕರಾರು ಬರೆಸಿಕೊಳ್ಳಿ ಎಂದು ದಲ್ಲಾಳಿ ಹೇಳಿದ್ದಾನಂತೆ. ಪೊಲೀಸ್ ಠಾಣೆ ದೂರ. ಸುತ್ತ ಎಂಟಡಿ ಗೋಡೆ, ಮೇಲೆ ಗಾಜಿನ ಚೂರು, ಒಂದು ನಾಯಿ ಇದ್ದರೆ ಸಾಕೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ದಲ್ಲಾಳಿಯ ಸಲಹೆಯನ್ನು ಇವತ್ತೇ ಕೈಬಿಡಿ. 1960ರ ಭೂ ಕಾಯಿದೆಯ ಪ್ರಕಾರ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಇಂಡೊನೇಷ್ಯಾದ ಪ್ರಜೆಗೆ ಮಾತ್ರ. (ನಮ್ಮ ಹಕ್ಕು, ಮಿಲ್ಕತ್ತು ಎರಡೂ ಅದೇ ಅರಬ್ಬಿ ಬೇರಿನವು. ಪದ ಕಲಿಯುವ ಕಷ್ಟವಂತೂ ನಿಮಗಿಲ್ಲ.) ವಿದೇಶಿಯ ಕೈಗೆ ಜಾಗ ನೇರವಾಗಿಯೋ ಬಳಸುದಾರಿಯಲ್ಲೋ ಸೇರುವಂತೆ ಮಾಡಿದ ವ್ಯವಹಾರ ಅಸಿಂಧು ಎನ್ನುತ್ತದೆ ಅದರ 26ನೇ ವಿಧಿ. ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡು ವಾಪಸ್ ಕೇಳುವಂತೆಯೂ ಇಲ್ಲ. ಭಾಮೈದ ಒಳ್ಳೆಯವನೇ ಇರಬಹುದು. ಅವನಿಗೆ ಸಾಲ ಕೊಟ್ಟವರು, ನಾಳೆ ಅವನ ವಾರಸುದಾರರು ನಿಮ್ಮ ಗುಟ್ಟಿನ ಕರಾರಿಗೆ ಬೆಲೆ ಕೊಡುವುದಿಲ್ಲ, ನ್ಯಾಯಾಲಯವೂ ಕೊಡುವುದಿಲ್ಲ.

ವಿದೇಶಿಯರಿಗೆ 'ಹಕ್ ಪಕಾಯ್' ಎಂಬ ಬಳಕೆಯ ಹಕ್ಕಿದೆ: 30 ವರ್ಷ, ಮೇಲೆ 20, ಮತ್ತೆ 30. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ನಿಗದಿಯಾಗಿದೆ. ಹಳ್ಳಿಮನೆಯ ಲೆಕ್ಕ ಅಲ್ಲಿಗೆ ಮುಟ್ಟದು. ನಿಮಗಿರುವ ಸರಿಯಾದ ದಾರಿ ಹೆಂಡತಿಯ ಹೆಸರೇ.

ಅಲ್ಲೂ ಒಂದು ಕೊಕ್ಕೆಯಿದೆ. ಮದುವೆಯಾದ ಮೇಲೆ ಸಂಪಾದಿಸಿದ್ದು 1974ರ ವಿವಾಹ ಕಾಯಿದೆಯಂತೆ ಗಂಡಹೆಂಡಿರ ಜಂಟಿ ಆಸ್ತಿ, ಹಾಗಾಗಿ ಅವರು ಕೊಂಡ ಜಾಗದಲ್ಲಿ ವಿದೇಶಿಯಾದ ನಿಮ್ಮ ಪಾಲೂ ಬೆರೆಯುತ್ತದೆ. ಆಸ್ತಿ ಬೇರೆಬೇರೆ ಎಂದು ಸಾರುವ ವಿವಾಹ ಒಪ್ಪಂದ ಬೇಕೇ ಬೇಕು. ಹಿಂದೆ ಅದು ಮದುವೆಗೆ ಮುಂಚೆ ಮಾತ್ರ ಸಾಧ್ಯವಿತ್ತು. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮದುವೆಯ ನಂತರವೂ ಮಾಡಿಕೊಳ್ಳಬಹುದೆಂದು ತೀರ್ಪು ಕೊಟ್ಟಿತು. ನೋತಾರಿಸ್ (ಅಲ್ಲಿನ ನೋಟರಿ) ಮುಂದೆ ಬರೆಸಿ, ಮದುವೆ ದಾಖಲಾದ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಜಾಗ ಕೊಳ್ಳಿ. ಈ ಕ್ರಮ ತಿರುವುಮುರುವಾಗಬಾರದು. ಹೆಂಡತಿ ಮೊದಲು ತೀರಿಕೊಂಡು ಜಾಗ ನಿಮಗೆ ಬಂದರೆ ಒಂದು ವರ್ಷದೊಳಗೆ ಅಲ್ಲಿನ ಪ್ರಜೆಗೆ ವರ್ಗಾಯಿಸಬೇಕೆಂಬುದೂ ನೆನಪಿರಲಿ.

ಇನ್ನು ಜಾಗದ ವಿಚಾರ. ಹಳ್ಳಿಯಲ್ಲಿ ತೋರಿಸುವ ಕಾಗದ ಎಷ್ಟೋ ಸಲ ಸರ್ಟಿಫಿಕಾತ್ (ಭೂ ಕಚೇರಿಯ ಹಕ್ಕುಪತ್ರ) ಅಲ್ಲ, ಹಳೆಯ ಕಂದಾಯದ 'ಲೆತ್ತರ್ ಸೆ' ಪುಸ್ತಕದ ನಕಲು. ಅದು ತೆರಿಗೆ ಯಾರು ಕಟ್ಟುತ್ತಿದ್ದರೆಂದು ಹೇಳುತ್ತದೆ, ಒಡೆಯ ಯಾರೆಂದಲ್ಲ. 2021ರ ಸರ್ಕಾರಿ ನಿಯಮ ಇಂಥ ಕಾಗದಗಳನ್ನು ನೋಂದಾಯಿಸಲು ಐದು ವರ್ಷ ಕೊಟ್ಟಿತು. 2026ರ ಫೆಬ್ರುವರಿಯಿಂದಾಚೆ ಅವು ಬರೀ ಸೂಚನೆ, ಪುರಾವೆಯಲ್ಲ. ಮಾರುವವರೇ ಮೊದಲು ಸರ್ಟಿಫಿಕಾತ್ ಮಾಡಿಸಲಿ, ಆಮೇಲೆ ಕೊಳ್ಳಿ ಎಂಬುದೇ ನಮ್ಮ ಸಲಹೆ. ಅವಸರಕ್ಕೆ ಬಿದ್ದು ಮುಂಗಡ ಕೊಟ್ಟವರ ದುಡ್ಡು ಸಿಕ್ಕಿಬೀಳುವುದು ಇಲ್ಲೇ. ಜಾಗ ಅಜ್ಜನ ಹೆಸರಲ್ಲಿರುತ್ತದೆ, ಮೊಮ್ಮಕ್ಕಳು ಏಳು ಜನ, ಅವರಲ್ಲೊಬ್ಬಳು ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿರುತ್ತಾಳೆ. ಅವಳ ಸಹಿ ಇಲ್ಲದ ಮಾರಾಟ ಅವಳು ಊರಿಗೆ ಬಂದ ದಿನ ತಗಾದೆಯಾಗುತ್ತದೆ.

ಜಾಗ 'ಪಕರಾಂಗನ್', ಅಂದರೆ ಮನೆ ಹಿತ್ತಲಿನ ನೆಲವೋ, 'ಸಾವಾ' ಎಂಬ ಗದ್ದೆಯೋ ನೋಡಿ. ಗದ್ದೆಯಲ್ಲಿ ಮನೆ ಕಟ್ಟಲು ವಲಯ ನಕ್ಷೆ ಒಪ್ಪಬೇಕು. ಅಷ್ಟೇ ಅಲ್ಲ, ಕೃಷಿಭೂಮಿಯ ಒಡೆಯ ಬೇರೆ ಊರಲ್ಲಿ ನೆಲೆಸಿರಬಾರದೆಂಬ 1961ರ ನಿಯಮ ಇನ್ನೂ ಬದುಕಿದೆ. ಗಿರಣಿಯ ಊರಲ್ಲಿ ವಾಸವಿರುವ ನಿಮ್ಮ ಹೆಂಡತಿಗೆ ಅದು ತೊಡಕು. 'ತಾನಾ ಬೆಂಗ್‌ಕೊಕ್' ಎಂದು ಕಿವಿಗೆ ಬಿದ್ದರೆ ಎದ್ದು ಬನ್ನಿ: ಅದು ಗ್ರಾಮಾಧಿಕಾರಿಗಳಿಗೆ ಸಂಬಳದ ಬದಲು ಉಳಲು ಬಿಟ್ಟ ಊರಿನ ಆಸ್ತಿ, ಮಾರುವ ಹಕ್ಕು ಅವರಿಗಿಲ್ಲ. ಮಾರಾಟಪತ್ರವನ್ನು ಪಿಪಿಎಟಿ ಎಂಬ ಭೂದಸ್ತಾವೇಜು ಅಧಿಕಾರಿಯೇ ಬರೆಯಬೇಕು. ಮಾರುವವರಿಗೆ 2.5%, ನಿಮಗೆ ವಿನಾಯಿತಿ ಕಳೆದು 5% ತೆರಿಗೆ.

ಅಳತೆಗೆ ಮುಂಚೆ ನಾಲ್ಕೂ ಮೂಲೆಯಲ್ಲಿ ಗಡಿಗಲ್ಲು ನೆಡಬೇಕು, ಪಕ್ಕದ ಜಾಗದವರು ಬಂದು ನೋಡಿ ಒಪ್ಪಿಗೆಯ ಸಹಿ ಹಾಕಬೇಕು. ನಿಮ್ಮ ಆಸ್ತಿ ಗಟ್ಟಿಯಾಗುವುದು ಆ ಸಹಿಗಳಿಂದ. ನಿಮ್ಮ ಭದ್ರತೆಯ ಪ್ರಶ್ನೆಗೂ ಉತ್ತರ ಅವರ ಬಳಿಯೇ ಇದೆ.

ಊರಿಗೆ 'ಕೆಪಾಲಾ ದೆಸಾ' ಇರುತ್ತಾರೆ (ಕಪಾಲ, ದೇಶ, ಸಂಸ್ಕೃತ ಅಲ್ಲಿಗೂ ಹೋಗಿದೆ). ಆದರೆ ನಿಮ್ಮ ದಿನನಿತ್ಯದ ಸರ್ಕಾರ ಕೆಲವು ಹತ್ತು ಮನೆಗಳ ನೆರೆಕೂಟವಾದ 'ಎರ್‌ತೆ', ಅದರ ಮುಖ್ಯಸ್ಥ 'ಪಾಕ್ ಎರ್‌ತೆ'. ಬಂದ ಅತಿಥಿಯ ಬಗ್ಗೆ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ನಿಮ್ಮ ಅಣ್ಣ ಊರಿಂದ ಬಂದರೂ ಪಾಸ್‌ಪೋರ್ಟ್ ನಕಲು ಕೊಟ್ಟುಬಿಡಿ. ರಾತ್ರಿ ಗಂಡಸರು ಸರದಿಯಂತೆ 'ರೊಂಡಾ' ಗಸ್ತು ತಿರುಗುತ್ತಾರೆ. ಪ್ರತಿ ಮನೆಯ ಮುಂದೆ ತೂಗುವ ಲೋಟದಲ್ಲಿ ಹಿಂದೆ ಒಂದು ಹಿಡಿ ಅಕ್ಕಿ, ಈಗ ಹೆಚ್ಚಾಗಿ 500 ರುಪಿಯಾದ ನಾಣ್ಯ. ಇದು 'ಜಿಂಪಿತಾನ್'. ದುಡ್ಡಿಗಿಂತ ದೊಡ್ಡ ಲಾಭವೆಂದರೆ, ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಗಸ್ತಿನವರು ಪ್ರತಿ ಮನೆಯ ಬಾಗಿಲಿಗೂ ಹೋಗುತ್ತಾರೆ. ನಿಮ್ಮ ಸರದಿ ತಪ್ಪಿಸಬೇಡಿ. ಆಗದಿದ್ದ ರಾತ್ರಿ ಕಾಫಿ, ಕರಿದ ತಿಂಡಿ ಕಳಿಸಿ.

ಎಂಟಡಿ ಗೋಡೆ ಕಟ್ಟಿದರೆ ಕಳ್ಳನಿಗೆ ಮರೆ, ಗಸ್ತಿನವರಿಗೆ ಕುರುಡು. ಸೊಂಟದೆತ್ತರ ಸಾಕು. ನಾಯಿಯ ಜೊಲ್ಲು ಮುಸ್ಲಿಂ ನೆರೆಯವರಿಗೆ ಮೈಲಿಗೆ. ಅದು ಬೀದಿಗೆ ಬಂದರೆ ನಿಮ್ಮ ಮನೆಗೆ ಬರುವ ಜನ ಕಡಿಮೆಯಾಗುತ್ತಾರೆ. ಹೆಚ್ಚಾಗಿ ಕಳುವಾಗುವುದು ಮೋಟರ್‌ಸೈಕಲ್ಲು. ರಾತ್ರಿ ಒಳಗೆ ನಿಲ್ಲಿಸಿ, ಹ್ಯಾಂಡಲ್ ಬೀಗದ ಜೊತೆ ಡಿಸ್ಕ್ ಬ್ರೇಕಿಗೂ ಬೀಗ ಹಾಕಿ.

ಗಸ್ತು ಕಟ್ಟೆಯಲ್ಲಿ ತೂಗುವ ಟೊಳ್ಳು ಮರದ 'ಕೆಂತೋಂಗಾನ್' ಬಡಿತದ ಲೆಕ್ಕ ಕಲಿಯಿರಿ. ಸಾಮಾನ್ಯವಾಗಿ ಎರಡೆರಡು ಏಟು ಕಳ್ಳ, ಮೂರು ಮೂರು ಬೆಂಕಿ, ನಾಲ್ಕು ಪ್ರವಾಹದಂಥ ವಿಪತ್ತು, ಐದು ದನಗಳ್ಳತನ. ಊರಿಂದೂರಿಗೆ ವ್ಯತ್ಯಾಸ ಉಂಟು, ಪಾಕ್ ಎರ್‌ತೆಯನ್ನು ಕೇಳಿ. ಅನುಮಾನ ಬಂದ ಕೂಡಲೇ 'ಮಾಲಿಂಗ್' (ಕಳ್ಳ) ಎಂದು ಮಾತ್ರ ಕೂಗಬೇಡಿ. ಗುಂಪು ಸೇರಿ ಹೊಡೆದು ಕೊಂದ ಪ್ರಸಂಗಗಳು ಜಾವಾದಲ್ಲಿ ಕಡಿಮೆಯಲ್ಲ. ಪಾಕ್ ಎರ್‌ತೆಗೆ ಫೋನ್ ಮಾಡಿ, ಪೊಲೀಸರಿಗೆ 110.

ಗೋಡೆಗೆಂದು ಇಟ್ಟ ದುಡ್ಡನ್ನು ಕಬ್ಬಿಣಕ್ಕೆ ಹಾಕಿ. 2006ರ ಮೇ 27ರ ಬೆಳಗಿನ ಭೂಕಂಪದಲ್ಲಿ 5,700ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬಂತುಲ್ ಮತ್ತು ನಿಮ್ಮ ಕ್ಲಾತೆನ್ ಜಿಲ್ಲೆಯವರು. ಕೊಂದದ್ದು ಕಂಬಿಯಿಲ್ಲದ ಇಟ್ಟಿಗೆ ಗೋಡೆ. ಒಂದಂತಸ್ತಿನ ಮನೆಗೆ ಅಲ್ಲಿನ ಲೆಕ್ಕ ಹೀಗಿದೆ: ಪಾಯದ ಮೇಲೆ 15×20 ಸೆಂ.ಮೀ. ತೊಲೆ, ಮೂರು ಮೀಟರಿಗೊಂದು 15×15 ಕಂಬ, ಗೋಡೆಯ ನೆತ್ತಿಯಲ್ಲಿ ಸುತ್ತುತೊಲೆ. ಪ್ರತಿಯೊಂದರಲ್ಲೂ 10 ಮಿ.ಮೀ.ನ ನಾಲ್ಕು ಕಂಬಿ, 15 ಸೆಂ.ಮೀ.ಗೊಂದು 8 ಮಿ.ಮೀ. ರಿಂಗು. ಕಾಂಕ್ರೀಟಿಗೆ ಸಿಮೆಂಟು, ಮರಳು, ಜಲ್ಲಿ 1:2:3. ಆರು ವರಸೆ ಇಟ್ಟಿಗೆಗೊಮ್ಮೆ ಕಂಬದಿಂದ ಗೋಡೆಯೊಳಕ್ಕೆ 40 ಸೆಂ.ಮೀ. ಕಂಬಿ ಚಾಚಬೇಕು. ಮೇಸ್ತ್ರಿಗಳು ತಪ್ಪಿಸುವುದು ಇದನ್ನೇ, ಮತ್ತು ರಿಂಗಿನ ಕೊಕ್ಕೆಯನ್ನು. ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು. 90 ಡಿಗ್ರಿಗೆ ನಿಲ್ಲಿಸಿದರೆ ನೆಲ ಅಲುಗಿದಾಗ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟು ಸುರಿಯುವ ಮುಂಚೆ ನೀವೇ ಹೋಗಿ ನೋಡಿ.

ಊರು ಜಿಲ್ಲೆಯ ಉತ್ತರಕ್ಕಿದ್ದರೆ ಮೆರಾಪಿ ಜ್ವಾಲಾಮುಖಿಯ ಎಚ್ಚರಿಕೆಯ ನಾಲ್ಕು ಹಂತ ಗೊತ್ತಿರಲಿ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್. ಕೊನೆಯದು ಬಂದರೆ ವಾದ ಮಾಡದೆ ಹೊರಡಿ. ರಾತ್ರಿ ಗದ್ದೆ ಬದುವಿನ ಮೇಲೆ ನಡೆಯಬೇಡಿ, ಇಲಿಗೆಂದು ತಂತಿಗೆ ಕರೆಂಟು ಕೊಟ್ಟಿರುತ್ತಾರೆ. ಸ್ರಾಗೆನ್ ಜಿಲ್ಲೆಯಲ್ಲಿ ಇದರಿಂದ ಎಷ್ಟೋ ರೈತರೇ ಸತ್ತಿದ್ದಾರೆ. ಅಲ್ಲಿನ ನಾಗರಹಾವು ವಿಷ ಉಗುಳುತ್ತದೆ: ಕಣ್ಣಿಗೆ ಬಿದ್ದರೆ ಉಜ್ಜದೆ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಬಾವಿಗೂ ಕಕ್ಕಸುಗುಂಡಿಗೂ ಹತ್ತು ಮೀಟರಾದರೂ ಅಂತರವಿರಲಿ.

ಪಾಯ ತೆಗೆಯುವ ಮುಂಚೆ ನೆರೆಯವರನ್ನು ಕರೆದು ಮಾಡುವ ಪ್ರಾರ್ಥನೆ-ಊಟ, 'ಸ್ಲಾಮೆತಾನ್' ಇಟ್ಟುಕೊಳ್ಳಿ. ಪ್ರಾರ್ಥನೆ ಮುಗಿದ ಮೇಲೆ ಬಂದವರ ಕೈಗೆ ಅನ್ನದ ಪೊಟ್ಟಣ, ಬರಲಾಗದ ಮನೆಗೂ ಒಂದು. ಗಡಿಗೆ ಸಹಿ ಹಾಕಿದವರನ್ನು ಮೊದಲು ಕರೆಯಿರಿ. ನೀವು ಸಸ್ಯಾಹಾರಿಯೆಂದು ಬರೆದಿದ್ದೀರಿ. ಸೋಯಾ ಕಾಳಿನ ತೆಂಪೆ, ತಾಹು (ತೋಫು) ಧಾರಾಳವಾಗಿ ಸಿಗುತ್ತದೆ. ಆದರೆ ಸಾಂಬಲ್ ಚಟ್ನಿಗೆ ಸೀಗಡಿಯ 'ತೆರಾಸಿ' ಅರೆದಿರುತ್ತಾರೆ. ಅಡುಗೆಗೆ ಸೇರುವ ಹೆಂಗಸರಿಗೆ ನಿಮ್ಮ ಹೆಂಡತಿಯಿಂದ ಹಿಂದಿನ ದಿನವೇ ಹೇಳಿಸಿ, ನಿಮ್ಮದೊಂದು ಬಟ್ಟಲು ಬೇರೆ ತೆಗೆದಿಡುತ್ತಾರೆ.