ಅಪ್ಪನ ಹಳೆಯ ಮನೆ ಮಾರಾಟವಾಗುತ್ತಿಲ್ಲ: ಬೆಲೆ ಇಳಿಸಬೇಕೆ, ಕಾಯಬೇಕೆ?

ಬೀದರಿನ ಗವಾನ್ ಮದರಸಾದ ಹತ್ತಿರದ ಓಣಿಯಲ್ಲಿರುವ ನಿಮ್ಮ ತಂದೆಯ ಮನೆಯನ್ನು ಮಾರಾಟಕ್ಕಿಟ್ಟು ವರ್ಷ ದಾಟಿದೆ, ನೋಡಿ ಹೋದವರು ತಿರುಗಿ ಬರುತ್ತಿಲ್ಲ, ಏಜೆಂಟರು ಮಾರುಕಟ್ಟೆ ತಣ್ಣಗಿದೆ ಎನ್ನುತ್ತಾರೆ. ಬೆಲೆ ಇಳಿಸಬೇಕೆ ಅಥವಾ ಬಾಡಿಗೆಗೆ ಕೊಟ್ಟು ಕಾಯಬೇಕೆ ಎಂದು ಕೇಳಿದ್ದೀರಿ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯನ್ನು ಮಾರಲು ಹೊರಟಾಗ ನಾನೂ ಇವೆರಡನ್ನೇ ತೂಗುತ್ತ ಕುಳಿತಿದ್ದೆ. ಬೆಲೆಯ ಮಾತು ಆಮೇಲಿನದು. ಕೊಳ್ಳುವವರು ಇಂದು ಒಪ್ಪಿಕೊಂಡರೆ ಬರುವ ವಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ರುಜು ಹಾಕಿಕೊಡಲು ನಿಮ್ಮ ಮನೆಯವರೆಲ್ಲ ಸಿದ್ಧರಿದ್ದಾರೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ನಾವು ಸಿದ್ಧರಿರಲಿಲ್ಲ, ಅದರಿಂದ ನಮಗಾದ ನಷ್ಟ ಒಂಬತ್ತು ಲಕ್ಷ ರೂಪಾಯಿ.

ನಮ್ಮ ತಂದೆ ಇಲ್ಲಿಯ ಒಂದು ದಾಲ್ ಮಿಲ್ಲಿನಲ್ಲಿ ಮುನೀಮರಾಗಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಸ್ವಂತ ದುಡಿಮೆಯಿಂದ ಆ ಮನೆಯನ್ನು ಕೊಂಡರು. ಕಲ್ಲಿನ ದಪ್ಪ ಗೋಡೆ, ಶಹಾಬಾದ್ ಫರಸಿಯ ನೆಲ, ಹಿಂದಿನ ಎರಡು ಖೋಲಿಗಳಿಗೆ ಮಣ್ಣಿನ ಮಾಳಿಗೆ, ಮುಂದೆ ಕಾರು ತಿರುಗಲಾರದಷ್ಟು ಇಕ್ಕಟ್ಟಾದ ಓಣಿ. 2019ರಲ್ಲಿ ತಂದೆ ತೀರಿಕೊಂಡರು. ಅವ್ವ ಸೇಡಂ ರಸ್ತೆಯಲ್ಲಿರುವ ನನ್ನ ಮನೆಗೆ ಬಂದಳು. ಅಣ್ಣ ಪುಣೆಯಲ್ಲಿ, ಅಕ್ಕ ಸೊಲ್ಲಾಪುರದಲ್ಲಿ, ತಂಗಿ ಹೈದರಾಬಾದಿನಲ್ಲಿ. ನಾಲ್ಕು ವರ್ಷ ಬೀಗ ಹಾಕಿಟ್ಟ ಮೇಲೆ ಮಾರಿಬಿಡೋಣ ಎಂದು ಎಲ್ಲರೂ ಫೋನಿನಲ್ಲೇ ಒಪ್ಪಿಕೊಂಡೆವು. ಮುಖ್ಯರಸ್ತೆಗೆ ತಾಗಿದ ಒಂದು ಜಾಗ ಯಾವ ದರಕ್ಕೆ ಹೋಗಿತ್ತೋ ಅದೇ ದರವನ್ನು ನಮ್ಮ ಓಣಿಗೂ ಹಚ್ಚಿ ಎಪ್ಪತ್ತು ಲಕ್ಷ ಎಂದೆವು. ಬಂದವರು ಬಾಗಿಲು ಯಾವ ದಿಕ್ಕಿಗಿದೆ, ಬೋರ್‌ವೆಲ್‌ಗೆ ನೀರಿದೆಯೇ, ಗಾಡಿ ಎಲ್ಲಿ ನಿಲ್ಲಿಸುವುದು ಎಂದು ಕೇಳಿ ಹೋದರು. ಗೋಡೆಯ ಮೇಲೆ ಕೈಯಿಟ್ಟು ನೋಡಿದವರೇ ಇಲ್ಲ. ಅವರ ಲೆಕ್ಕದಲ್ಲಿ ಅದು ಕೆಡವುವ ಖರ್ಚು ಕಳೆದು ಉಳಿಯುವ ಒಂದು ಪ್ಲಾಟು, ಅಷ್ಟೇ.

2024ರ ದೀಪಾವಳಿಯ ನಂತರ ಅಫಜಲಪುರ ಕಡೆಯ ಒಬ್ಬ ಶಿಕ್ಷಕರು ಬಂದರು. ಶರಣಬಸವೇಶ್ವರ ಗುಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಇರಬೇಕೆಂಬುದು ಅವರ ತಾಯಿಯ ಆಸೆಯಾಗಿತ್ತು. ಅವರಿಗೆ ಮನೆ ಮನೆಯಾಗಿಯೇ ಬೇಕಿತ್ತು, ಕೆಡವುವ ಮಾತನ್ನೇ ಆಡಲಿಲ್ಲ. ಐವತ್ತಾರು ಲಕ್ಷಕ್ಕೆ ಮಾತು ನಿಂತಿತು. ಅರ್ಧಕ್ಕಿಂತ ಹೆಚ್ಚು ಹಣ ಬ್ಯಾಂಕ್ ಸಾಲದಿಂದ ಬರಬೇಕಿತ್ತು. ಮುಂಗಡ ಕೊಟ್ಟು ಇಸಾರಿನ ಕರಾರು ಮಾಡಿಕೊಳ್ಳುವ ಮೊದಲು ಕಾಗದಗಳ ನಕಲು ಕೊಡಿ, ಬ್ಯಾಂಕಿನ ವಕೀಲರಿಗೆ ತೋರಿಸುತ್ತೇನೆ ಎಂದರು.

ನಮ್ಮ ತಪ್ಪು ಅಲ್ಲಿ ಬಯಲಾಯಿತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಗೊತ್ತಿರುವ ಹಳೆಯ ಮನೆಗಳ ವ್ಯವಹಾರಗಳಲ್ಲಿ ಹೆಚ್ಚಿನವು ನಿಂತಿರುವುದು ಇದೇ ಜಾಗದಲ್ಲಿ. ವಕೀಲರ ಮೊದಲ ಆಕ್ಷೇಪ ಖಾತೆಯ ಬಗ್ಗೆ, ಅಂದರೆ ನಗರಪಾಲಿಕೆಯ ಆಸ್ತಿ ದಾಖಲೆಯ ಬಗ್ಗೆ. ಅದು ಇನ್ನೂ ತಂದೆಯ ಹೆಸರಿನಲ್ಲೇ ಇತ್ತು. ವರ್ಷ ತಪ್ಪದೆ ತೆರಿಗೆ ಕಟ್ಟಿದ್ದೆ, ರಸೀದಿಗಳನ್ನು ಜೋಡಿಸಿಟ್ಟಿದ್ದೆ. ಅಷ್ಟಿದ್ದರೆ ಮನೆ ನಮ್ಮದೆಂದು ತೋರಿಸಲು ಸಾಕೆಂದು ನಂಬಿದ್ದೆ. ತೆರಿಗೆ ರಸೀದಿ ಹಣ ಸಂದಾಯವಾದದ್ದಕ್ಕೆ ಸಾಕ್ಷಿ, ಮಾಲೀಕತ್ವಕ್ಕೆ ಆಧಾರವಲ್ಲ. ಅದರ ಮೇಲೆ, 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಯ ನೋಂದಣಿಗೆ ಖಾತೆಯ ಡಿಜಿಟಲ್ ರೂಪವಾದ ಇ-ಖಾತಾ ಕಡ್ಡಾಯವಾಗಿತ್ತು. ತೀರಿಕೊಂಡವರ ಹೆಸರಿನಲ್ಲಿರುವ ಖಾತೆಯಿಂದ ಕ್ರಯಪತ್ರದವರೆಗೆ ಹೋಗಲು ಮರಣ ಪ್ರಮಾಣಪತ್ರ ಬೇಕು, ನಾಡಕಚೇರಿಯಿಂದ ವಂಶವೃಕ್ಷ ಬೇಕು, ಖಾತೆ ವಾರಸುದಾರರ ಹೆಸರಿಗೆ ಬದಲಾಗಬೇಕು (ಮುಟೇಶನ್), ಆನಂತರ ಇ-ಖಾತಾ. ಒಂದು ಮುಗಿಯದೆ ಇನ್ನೊಂದು ಆರಂಭವಾಗುವುದಿಲ್ಲ. ನಮ್ಮ ವಂಶವೃಕ್ಷದಲ್ಲಿ ತಂಗಿಯ ಹೆಸರು ಒಂದು ರೀತಿ, ಅವಳ ಆಧಾರ್ ಕಾರ್ಡಿನಲ್ಲಿ ಮದುವೆಯ ನಂತರದ ಹೆಸರು ಇನ್ನೊಂದು ರೀತಿ ಇತ್ತು. ಅದಕ್ಕೊಂದು ಅಫಿಡವಿಟ್ ಮಾಡಿಸಬೇಕಾಯಿತು.

ವಕೀಲರ ಎರಡನೆಯ ಆಕ್ಷೇಪ ಮೂಲಪತ್ರದ ಬಗ್ಗೆ. ತಂದೆಗೆ ಮನೆ ಮಾರಿದವರು ಅದನ್ನು ನಿಜಾಮರ ಆಳ್ವಿಕೆಯಲ್ಲಿ ಕೊಂಡಿದ್ದರು. ನಮ್ಮ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತಲ್ಲ, ಆ ಪತ್ರ ಉರ್ದುವಿನಲ್ಲಿತ್ತು. ಅವ್ವನ ಟ್ರಂಕಿನಲ್ಲಿ ಮೇಣಗಾಪಡದ ಒಳಗೆ ನಾಲ್ಕು ಮಡಿಕೆಯಾಗಿ ಮಲಗಿದ್ದ ಕಾಗದ, ಬಿಚ್ಚಿದಾಗ ಮಡಿಕೆಯ ಗೆರೆಗಳಲ್ಲೇ ಹರಿದು ನಾಲ್ಕು ತುಂಡಾಯಿತು. ಅದರ ದೃಢೀಕೃತ ನಕಲು ತೆಗೆಸಿ, ಅನುವಾದ ಮಾಡಿಸಿ ಕೊಡುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅಕ್ಕ ತಂಗಿಯರು "ನಮಗೇನೂ ಬೇಡ, ನೀವು ಮಾರಿಕೊಳ್ಳಿ" ಎಂದು ಹೇಳಿದ್ದನ್ನೇ ನಾವು ತೀರ್ಮಾನವೆಂದು ತಿಳಿದಿದ್ದೆವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ನಮ್ಮಲ್ಲಿ ತಲಾ ಐದನೇ ಒಂದು. ಸ್ಥಿರಾಸ್ತಿಯ ಹಕ್ಕನ್ನು ಬಾಯಿಮಾತಿನಲ್ಲಿ ಬಿಡಲು ಬರುವುದಿಲ್ಲ, ನೋಂದಾಯಿತ ಪತ್ರವೇ ಆಗಬೇಕು. ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಲು ಬನ್ನಿ ಎಂದು ಕರೆದಾಗ ಸೊಲ್ಲಾಪುರದ ಭಾವ ಬಹಳ ನ್ಯಾಯವಾದ ಪ್ರಶ್ನೆಯನ್ನು ಕೇಳಿದರು: "ಇಷ್ಟು ವರ್ಷ ಅವಳನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿಕೊಂಡು ಕೇಳಿದ್ದೀರಾ?" ಕೇಳಿರಲಿಲ್ಲ. ಅಕ್ಕ ಮೌನವಾದಳು, ಅಣ್ಣ ಸಿಟ್ಟಾದ, ಅವ್ವ ಊಟ ಬಿಟ್ಟಳು. ಮಾತು ಸರಿಹೋಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಶಿಕ್ಷಕರ ಸಾಲ ಮಂಜೂರಾತಿಯ ಅವಧಿ ಮುಗಿಯಿತು. ಅವರು ಎಷ್ಟೋ ಸೈರಣೆಯಿಂದ ಕಾದು, ಕೊನೆಗೆ ಜೇವರ್ಗಿ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಕೊಂಡರು. ಮುಂದಿನ ವರ್ಷ ನಾವು ಮನೆ ಕೊಟ್ಟದ್ದು ನಲವತ್ತೇಳು ಲಕ್ಷಕ್ಕೆ, ಅದನ್ನು ಕೆಡವಿದವರಿಗೆ.

ನೀವು ಮಾರುಕಟ್ಟೆಯನ್ನು ದೂರುತ್ತಿದ್ದೀರಿ. ಮಾರುಕಟ್ಟೆ ಮಂದವಾಗಿರುವುದು ನಿಜ. ನಮ್ಮ ಕಡೆ ಮನೆ ಕೊಳ್ಳುವ ಹಣ ಬಹುಮಟ್ಟಿಗೆ ತೊಗರಿಯಿಂದ ಬರುತ್ತದೆ, ಇಲ್ಲವೇ ಸರ್ಕಾರಿ ಸಂಬಳದಿಂದ. 2025ರ ಮಳೆ ಮತ್ತು ಭೀಮಾ ನದಿಯ ಪ್ರವಾಹಕ್ಕೆ ಬೆಳೆ ಹೋದ ಮನೆಗಳಲ್ಲಿ ಯಾರೂ ಊರಲ್ಲಿ ಪ್ಲಾಟಿನ ಮಾತೆತ್ತುವುದಿಲ್ಲ. ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿದರೆ ಐವತ್ತು ಲಕ್ಷದ ಮನೆಗೆ ಕೊಳ್ಳುವವರು ಮೂರೂಮುಕ್ಕಾಲು ಲಕ್ಷದಷ್ಟು ಹೆಚ್ಚಿಗೆ ಎಣಿಸಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮಾತುಕತೆಯೇ ಇರುವುದಿಲ್ಲ. ಆದರೆ ಇಂಥ ಕಾಲದಲ್ಲಿ ನಿಜವಾಗಿ ಕೊಳ್ಳುವವರು ಬರುವುದೇ ಅಪರೂಪವಾದ್ದರಿಂದ, ಬಂದವರು ಕಾಗದಕ್ಕಾಗಿ ಕಾದು ಬೇಸತ್ತು ಹೋದರೆ ಇನ್ನೊಬ್ಬರು ಬೇಗ ಸಿಗುವುದಿಲ್ಲ. ಚುರುಕಾದ ಮಾರುಕಟ್ಟೆಯಲ್ಲಿ ಇದೇ ತಪ್ಪು ನಮಗೆ ಇಷ್ಟು ತುಟ್ಟಿಯಾಗುತ್ತಿರಲಿಲ್ಲ.

ನಿಮ್ಮ ಮನೆಯ ಬಗ್ಗೆ ನನಗಿರುವ ದೊಡ್ಡ ಸಂಶಯ ಬೇರೆಯದೇ ಇದೆ, ನಿಮ್ಮ ಪ್ರಶ್ನೆಯಲ್ಲಿ ಅದರ ಪ್ರಸ್ತಾಪವೇ ಇಲ್ಲ. ಗವಾನ್ ಮದರಸಾ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರಿನವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಹಳೆಯ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ಕೆಡವಿ ಕಟ್ಟುವ ಯೋಚನೆಯಲ್ಲೇ ಬರುತ್ತಾರೆ. ಅವರು ಹೊರಗೆ ವಿಚಾರಿಸಿ ಈ ಸಂಗತಿ ತಿಳಿದುಕೊಂಡು, ನಿಮಗೆ ಏನನ್ನೂ ಹೇಳದೆ ನೌಬಾದಿನಲ್ಲೋ ಗುಂಪಾದಲ್ಲೋ ಪ್ಲಾಟು ನೋಡಲು ಹೋಗಿರಬಹುದು. ಮೊದಲು ದೂರವನ್ನು ಅಳೆಸಿ. ಮನೆ ನೂರು ಮೀಟರಿನ ಒಳಗಿದ್ದರೆ ನೀವು ಐದು ಲಕ್ಷ ಇಳಿಸಿದರೂ ಕೆಡವುವವರು ಬರುವುದಿಲ್ಲ; ಇದ್ದ ಮನೆಯಲ್ಲೇ ವಾಸಿಸುವವರನ್ನು ಹುಡುಕಬೇಕು, ಅದನ್ನು ಮೊದಲ ಮಾತಿನಲ್ಲೇ ತಿಳಿಸಿಬಿಡಬೇಕು. ಮುಚ್ಚಿಟ್ಟು ಇಸಾರು ತೆಗೆದುಕೊಂಡರೆ ನಾಳೆ ಅದೇ ವ್ಯಾಜ್ಯವಾಗುತ್ತದೆ.

ಬಾಡಿಗೆಗೆ ಕೊಡುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಒಳಗೆ ಬಾಡಿಗೆದಾರರಿದ್ದಾರೆಂದರೆ ಬ್ಯಾಂಕೂ ಕೊಳ್ಳುವವರೂ ಹಿಂಜರಿಯುತ್ತಾರೆ. ಹಾಗೆಂದು ಬೀಗ ಹಾಕಿಯೂ ಬಿಡಬೇಡಿ, ಗೆದ್ದಲು ಮತ್ತು ಮಳೆನೀರು ಬಾಡಿಗೆದಾರರಿಗಿಂತ ಹೆಚ್ಚು ಹಾಳು ಮಾಡುತ್ತವೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಕಿಟಕಿ ಬಾಗಿಲು ತೆರೆದಿಡಲಿ.

ಅಕ್ಕ ತಂಗಿಯರಿದ್ದರೆ ಹಕ್ಕುಬಿಡುಗಡೆ ಪತ್ರ ಕೇಳಲೇಬೇಡಿ. ಎಲ್ಲ ವಾರಸುದಾರರೂ ಮಾರುವವರಾಗಿ ಕ್ರಯಪತ್ರಕ್ಕೇ ರುಜು ಹಾಕಬಹುದು, ಪ್ರತಿಯೊಬ್ಬರ ಪಾಲು ಅವರವರ ಬ್ಯಾಂಕ್ ಖಾತೆಗೇ ಹೋಗಬಹುದು. ನಾವು ಕೊನೆಗೆ ಹಾಗೆಯೇ ಮಾಡಿದೆವು. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆ ಇಬ್ಬರೂ ತವರಿಗೆ ಬಂದಾಗ ಎಲ್ಲರೂ ಒಟ್ಟಿಗೆ ಕುಳಿತು ಕಾಗದಗಳಿಗೆ ರುಜು ಹಾಕಿದೆವು, ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಬೀದರಿನ ಮನೆ ನಿಮ್ಮ ತಾತನ ಕಾಲದ ಪಿತ್ರಾರ್ಜಿತವಾಗಿದ್ದರೂ ಹೆಣ್ಣುಮಕ್ಕಳನ್ನು ಬಿಟ್ಟು ಮಾರಲು ಬರುವುದಿಲ್ಲ. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪು ಅವರಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿವೆ. ಕಾನೂನು ಹೇಳುತ್ತದೆ ಎಂಬ ಕಾರಣಕ್ಕಷ್ಟೇ ಇದನ್ನು ಬರೆಯುತ್ತಿಲ್ಲ, ಆ ಮನೆಯಲ್ಲಿ ಅವರೂ ಬೆಳೆದವರು.

ಕಾಗದ ಸಿದ್ಧವಾದ ಮೇಲೆ ಬೆಲೆಯನ್ನು ಒಂದೇ ಸಲ ಸರಿಯಾಗಿ ಹೇಳಿ. ನಿಮ್ಮ ಓಣಿಯಲ್ಲೇ ಇತ್ತೀಚೆಗೆ ನೋಂದಣಿಯಾದ ದರ ನೋಡಿಕೊಳ್ಳಿ, ಮುಖ್ಯರಸ್ತೆಯದು ಬೇಡ. ಎರಡು ತಿಂಗಳಿಗೊಮ್ಮೆ ಒಂದೊಂದು ಲಕ್ಷ ಇಳಿಸುತ್ತ ಹೋದರೆ ಮನೆಯಲ್ಲೇ ಏನೋ ದೋಷವಿದೆ ಎಂಬ ಮಾತು ಏಜೆಂಟರಲ್ಲಿ ಹಬ್ಬುತ್ತದೆ. ಸರ್ಕಾರ ನಿಗದಿ ಮಾಡಿದ ಕನಿಷ್ಠ ಮಾರ್ಗಸೂಚಿ ದರಕ್ಕೆ ಪತ್ರ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಡುತ್ತೇವೆ ಎನ್ನುವವರು ಖಂಡಿತ ಬರುತ್ತಾರೆ, ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಆ ದಂಡ ಬೀಳುವುದು ಹಣ ತೆಗೆದುಕೊಂಡ ನಿಮ್ಮ ಮೇಲೆ.

ತೆರಿಗೆಯ ಲೆಕ್ಕವನ್ನೂ ಇಸಾರಿಗೆ ಮೊದಲೇ ಲೆಕ್ಕಪರಿಶೋಧಕರಿಂದ ಮಾಡಿಸಿಕೊಳ್ಳಿ. 2001ಕ್ಕಿಂತ ಹಿಂದೆ ಕೊಂಡ ಮನೆಗೆ 2001ರ ಏಪ್ರಿಲ್ 1ರ ಮೌಲ್ಯವನ್ನು ಕೊಂಡ ಬೆಲೆಯಾಗಿ ಹಿಡಿಯಬಹುದು. ಲಾಭದ ಮೇಲೆ ಶೇ. 12.5, ಅಥವಾ ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20, ಇವೆರಡರಲ್ಲಿ ಕಡಿಮೆಯಾಗುವುದನ್ನು ದೇಶದ ನಿವಾಸಿಗಳು ಕಟ್ಟಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ವಿನಾಯಿತಿಯೂ ಇದೆ. ಈ ಲೆಕ್ಕ ಪ್ರತಿ ವಾರಸುದಾರರಿಗೂ ಪ್ರತ್ಯೇಕವಾಗಿ ಆಗುವುದರಿಂದ ಯಾರ ಪಾಲಿಗೆ ಎಷ್ಟು ಉಳಿಯುತ್ತದೆ ಎಂಬುದು ಮನೆಯವರೆಲ್ಲರಿಗೂ ಮೊದಲೇ ತಿಳಿದಿರಲಿ. ನಮ್ಮಲ್ಲಿ ತಂಗಿ ತನ್ನ ಪಾಲನ್ನು ಹೈದರಾಬಾದಿನಲ್ಲಿ ಫ್ಲ್ಯಾಟಿಗೆ ಹಾಕಿದಳು, ಅವಳು ತೆರಿಗೆ ಕಟ್ಟಬೇಕಾಗಲಿಲ್ಲ.